ರಸ್ತೆ ಕಾರಿಗೆ ರೇಸ್ ಹಾರ್ನೆಸ್: ಹಾಕಬೇಕಾ, ಬೇಡವಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಸ್ಪೋರ್ಟ್ಸ್ ಕಾರ್ ಇದೆ, ದಿನಾ ರಸ್ತೆಯಲ್ಲಿ ಓಡಿಸುತ್ತೇವೆ, ಆಗಾಗ ಟ್ರ್ಯಾಕ್‌ಗೂ ಹೋಗುತ್ತೇವೆ, ರೇಸ್ ಕಾರಿನಂತೆ ಹಾರ್ನೆಸ್ ಹಾಕಿಸಿಬಿಡೋಣ್ವಾ ಅಂತ. ಹಾರ್ನೆಸ್ ಅಂದರೆ ಎರಡೂ ಹೆಗಲು ಮತ್ತು ಸೊಂಟವನ್ನು ಸೀಟಿಗೆ ಬಿಗಿಯುವ ಪಟ್ಟಿಗಳು. ಅವನ್ನು ಕಾರಿಗೆ ಎಷ್ಟು ಕಡೆ ಕಟ್ಟುತ್ತಾರೋ ಅಷ್ಟು ಪಾಯಿಂಟ್ ಅನ್ನುತ್ತಾರೆ. ಹಾಗಾಗಿ ಟೈರು, ಆಯಿಲ್ ಎಲ್ಲ ಮುಂದಿನ ಸಂಚಿಕೆಗೆ ಇರಲಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದೊಂದಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರ್. ನಾಲ್ಕು ಪಾಯಿಂಟ್ ಹಾರ್ನೆಸ್ ಹಾಕಿಸಿ, ಕಂಪನಿ ಕೊಟ್ಟ ಸೀಟ್ ಬೆಲ್ಟ್ ತೆಗೆಸಿಬಿಡಬೇಕು ಅಂತಿದ್ದೇನೆ. 200 ಕಿ.ಮೀ. ವೇಗದಲ್ಲಿ ರೇಸ್ ಚಾಲಕನನ್ನು ಉಳಿಸುವಂಥದ್ದು ರಸ್ತೆಯಲ್ಲಿ 80ರ ವೇಗದಲ್ಲಿ ನನ್ನನ್ನು ಇನ್ನೂ ಚೆನ್ನಾಗಿ ಉಳಿಸಬೇಕಲ್ವಾ?

ಉತ್ತರ: ಕೇಳೋಕೆ ಲೆಕ್ಕ ಸರಿಯಾಗೇ ಇದೆ. ಆದರೂ ತೆಗೆಸಬೇಡಿ.

ರೇಸ್ ಚಾಲಕನನ್ನು ಉಳಿಸುವುದು ಬರೀ ಹಾರ್ನೆಸ್ ಅಲ್ಲ. ಆರು ಪಟ್ಟಿ, ಮೈಗೆ ಅಂಟಿಕೊಂಡಂತೆ ಕೂರುವ ಸೀಟು, ಸುತ್ತಲೂ ಉಕ್ಕಿನ ಕೇಜ್, ತಲೆಗೆ ಹೆಲ್ಮೆಟ್, ಆ ಹೆಲ್ಮೆಟ್ ಮುಂದಕ್ಕೆ ಹಾರದಂತೆ ಹಿಡಿಯುವ ಇನ್ನೊಂದು ಸಾಧನ, ಇಷ್ಟೂ ಸೇರಿ ಕೆಲಸ ಮಾಡುತ್ತವೆ. ಅದರಲ್ಲಿ ಒಂದನ್ನು ಮಾತ್ರ ಕಿತ್ತು ತಂದು ನಿಮ್ಮ ಕಾರಿಗೆ ಹಾಕಿದರೆ, ಮಿಕ್ಕಿದ್ದು ಯಾವುದೂ ಅದರ ಜೊತೆ ಬರುವುದಿಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ಕಾರಿನಲ್ಲೂ ಹೀಗೆ ಒಟ್ಟಿಗೆ ಕೆಲಸ ಮಾಡುವ ಒಂದು ವ್ಯವಸ್ಥೆ ಆಗಲೇ ಇದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಎದುರಿನಿಂದ ಡಿಕ್ಕಿಯಾದರೆ ಇಡೀ ಘಟನೆ ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಏನೇನಾಗುತ್ತದೆ ನೋಡಿ. ಮೊದಲು ಸೆನ್ಸರ್ ಡಿಕ್ಕಿಯನ್ನು ಗುರುತಿಸುತ್ತದೆ. ಬೆಲ್ಟಿನ ಸುರುಳಿಯ ಹತ್ತಿರ ಇರುವ ಸಣ್ಣ ಮದ್ದು ಸಿಡಿದು, ಎದೆಯ ಮೇಲಿನ ಬೆಲ್ಟ್ ಎಷ್ಟು ಸಡಿಲ ಇದೆಯೋ ಅಷ್ಟನ್ನೂ ಎಳೆದುಕೊಳ್ಳುತ್ತದೆ. ಇದು ಪ್ರಿಟೆನ್ಷನರ್. ಅಷ್ಟು ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರುತ್ತದೆ. ನೀವು ಮುಂದಕ್ಕೆ ಹೋಗುತ್ತಾ ಎದೆಯ ಮೇಲಿನ ಒತ್ತಡ ಒಂದು ಮಿತಿ ದಾಟಿದಾಗ, ಸುರುಳಿಯ ಒಳಗಿನ ಲೋಹದ ಕಡ್ಡಿ ತಿರುಚಿಕೊಂಡು ಬೆಲ್ಟನ್ನು ಬೇಕೆಂದೇ ಸ್ವಲ್ಪ ಸ್ವಲ್ಪ ಬಿಡುತ್ತದೆ. ಇದು ಲೋಡ್ ಲಿಮಿಟರ್. ಪಕ್ಕೆಲುಬು ಮುರಿಯಬಾರದು, ತಲೆ ಮತ್ತು ಎದೆ ಎರಡೂ ಸರಿಯಾದ ಹೊತ್ತಿಗೆ ಏರ್‌ಬ್ಯಾಗ್ ಮೇಲೆ ಹೋಗಿ ಕೂರಬೇಕು, ಅದಕ್ಕೇ ಈ ಏರ್ಪಾಡು. ಅಂದರೆ ನೀವು ಮುಂದಕ್ಕೆ ಹೋಗುವುದೂ ಲೆಕ್ಕದೊಳಗೇ ಇದೆ.

ಹಾರ್ನೆಸ್ ಹಾಕಿದಿರಿ ಅಂದರೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಎದೆ ಸೀಟಿಗೆ ಬಿಗಿದುಕೊಂಡಿರುತ್ತದೆ. ತಲೆ ಮಾತ್ರ ಹೋಗುತ್ತದೆ. ಕಂಪನಿ ಬೆಲ್ಟಿನ ಬಕಲ್‌ನಲ್ಲಿ ಒಂದು ಸ್ವಿಚ್ ಇರುತ್ತದೆ, ನೀವು ಬೆಲ್ಟ್ ಹಾಕಿದ್ದೀರಾ ಇಲ್ಲವಾ ಅಂತ ಏರ್‌ಬ್ಯಾಗ್ ಕಂಪ್ಯೂಟರಿಗೆ ಹೇಳುವುದು ಅದೇ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗ್ ಯಾವಾಗ, ಎಷ್ಟು ಜೋರಾಗಿ ಬಿಚ್ಚಬೇಕು ಅನ್ನುವುದು ಈ ಉತ್ತರದ ಮೇಲೆ ನಿಂತಿರುತ್ತದೆ. ಹಾರ್ನೆಸ್ ಹಾಕಿಕೊಂಡು, ಕುಯ್ಯೋ ಅನ್ನುವ ಅಲಾರಂ ನಿಲ್ಲಿಸೋಕೆ ಕಂಪನಿ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸುವವರು ಇದ್ದಾರಲ್ಲ, ಅವರು ಆ ಕಂಪ್ಯೂಟರಿಗೆ ಸುಳ್ಳು ಹೇಳುತ್ತಿದ್ದಾರೆ.

ಇನ್ನೊಂದು ವಿಷಯ ಕೇಳಿ. ಈಗಿನ ಮೂರು ಪಾಯಿಂಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಾರುಗಳಿಗೆ ತಂದವರು ನಿಲ್ಸ್ ಬೊಲಿನ್. ಅದಕ್ಕೆ ಮುಂಚೆ ಅವರು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಎಜೆಕ್ಷನ್ ಸೀಟುಗಳ ಮೇಲೆ ಕೆಲಸ ಮಾಡಿದವರು. ಪೈಲಟ್‌ಗಳನ್ನು ಸೀಟಿಗೆ ಬಿಗಿಯುವ ಹಾರ್ನೆಸ್ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿದ್ದೂ, ದಿನಾ ಕಾರು ಓಡಿಸುವ ಜನ ಒಂದೇ ಕೈಯಲ್ಲಿ ಸಲೀಸಾಗಿ ಹಾಕಿಕೊಳ್ಳುವಂಥದ್ದು ಬೇಕು ಅಂತ ಇದನ್ನು ಆರಿಸಿಕೊಂಡರು.

ಪ್ರಶ್ನೆ: ಆರು ಪಟ್ಟಿ ಕಿರಿಕಿರಿ. ನಾಲ್ಕು ಪಾಯಿಂಟ್ ಆದರೂ ಮೂರಕ್ಕಿಂತ ಒಂದು ಜಾಸ್ತಿ ತಾನೇ?

ಉತ್ತರ: ಎಣಿಕೆಯಲ್ಲಿ ಜಾಸ್ತಿ. ಕೆಲಸದಲ್ಲಿ ಹಾಗಂತ ಹೇಳೋಕಾಗಲ್ಲ.

ನಾಲ್ಕು ಪಾಯಿಂಟ್ ಹಾರ್ನೆಸ್‌ನಲ್ಲಿ ಹೆಗಲಿನ ಎರಡು ಪಟ್ಟಿಗಳು ಕೆಳಗೆ ಬಂದು ಸೊಂಟದ ಪಟ್ಟಿಯ ನಡುವಿನ ಬಕಲ್‌ಗೆ ಸೇರುತ್ತವೆ. ಡಿಕ್ಕಿಯಾದಾಗ ಎದೆ ಮುಂದಕ್ಕೆ ತಳ್ಳುತ್ತದೆ, ಹೆಗಲ ಪಟ್ಟಿಗಳು ಬಿಗಿಯಾಗಿ ಬಕಲನ್ನು ಮೇಲಕ್ಕೆ ಎಳೆಯುತ್ತವೆ. ಬಕಲ್ ಜೊತೆ ಸೊಂಟದ ಪಟ್ಟಿಯೂ ಮೇಲೆ ಬರುತ್ತದೆ. ಸೊಂಟದ ಮೂಳೆಯ ಮೇಲೆ ಇರಬೇಕಾದ ಪಟ್ಟಿ ಮೆತ್ತಗಿನ ಹೊಟ್ಟೆಯ ಮೇಲೆ ಬಂದು ಕೂರುತ್ತದೆ, ಸೊಂಟ ಅದರ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಇದಕ್ಕೆ ಸಬ್‌ಮರೀನಿಂಗ್ ಅನ್ನುತ್ತಾರೆ. ಕರುಳು, ಯಕೃತ್ತು, ಬೆನ್ನುಮೂಳೆ ಎಲ್ಲಕ್ಕೂ ಪೆಟ್ಟು. ಕಾಲುಗಳ ನಡುವಿನ ಐದನೇ, ಆರನೇ ಪಟ್ಟಿ ಇರುವುದು ಬಕಲನ್ನು ಕೆಳಗೆ ಹಿಡಿದಿಟ್ಟುಕೊಳ್ಳೋಕೆ. ಶೋಕಿಗಲ್ಲ.

ಮೂರು ಪಾಯಿಂಟ್ ಬೆಲ್ಟಿನಲ್ಲಿ ಈ ತೊಂದರೆ ಅಷ್ಟಿಲ್ಲ, ಯಾಕೆಂದರೆ ಒಂದು ಹೆಗಲು ಬಿಟ್ಟಿರುತ್ತದೆ. ಮೈ ಸ್ವಲ್ಪ ತಿರುಗುತ್ತಾ ಮುಂದಕ್ಕೆ ಬಾಗುತ್ತದೆ, ಸೊಂಟ ಸೀಟಿನೊಳಗೇ ಒತ್ತಿಕೊಳ್ಳುತ್ತದೆ. ಇದನ್ನೇ ನೋಡಿಕೊಂಡು ಜರ್ಮನಿಯ ಶ್ರೋತ್ ಕಂಪನಿ ಎಎಸ್‌ಎಂ ಅಂತ ಒಂದು ಉಪಾಯ ಮಾಡಿದೆ. ಒಂದು ಹೆಗಲ ಪಟ್ಟಿಯಲ್ಲಿ ಮಾತ್ರ ಬಟ್ಟೆಯನ್ನು ಮಡಚಿ ಹೊಲಿದಿರುತ್ತಾರೆ. ಡಿಕ್ಕಿಯಲ್ಲಿ ಆ ಹೊಲಿಗೆ ಹರಿದು ಪಟ್ಟಿ ಉದ್ದವಾಗುತ್ತದೆ, ಆ ಕಡೆಯ ಹೆಗಲು ಮುಂದೆ ಹೋಗುತ್ತದೆ, ಮೈ ಮೂರು ಪಾಯಿಂಟ್ ಬೆಲ್ಟಿನಲ್ಲಿ ತಿರುಗುವಂತೆಯೇ ತಿರುಗುತ್ತದೆ. ಯಾವ ಕಾರಿನ ಯಾವ ಸೀಟಿಗೆ ಅಂತ ಹೇಳಿ ಮಾರುವ ಇಂಥ ನಾಲ್ಕು ಪಾಯಿಂಟ್ ಹಾರ್ನೆಸ್ ಆದರೆ ಮಾತು ಬೇರೆ. ಬಣ್ಣ ಬಣ್ಣದ ಪಟ್ಟಿ, ಹೆಗಲ ಮೇಲೆ ಮೆತ್ತೆ, ಲೇಬಲ್ ಹುಡುಕಿದರೂ ಸಿಗದಂಥ ನಾಲ್ಕು ಪಾಯಿಂಟ್ ಸರಕನ್ನು ರಸ್ತೆಗೂ ತರಬೇಡಿ, ಟ್ರ್ಯಾಕ್‌ಗೂ ತರಬೇಡಿ.

ಪ್ರಶ್ನೆ: ಹೆಗಲ ಪಟ್ಟಿಗಳನ್ನು ಸೀಟಿನ ಹಿಂದೆ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರೆ ಆಗಲ್ವಾ? ಮೆಕ್ಯಾನಿಕ್ ಅದೇ ಗಟ್ಟಿ ಜಾಗ ಅಂತಿದ್ದಾನೆ.

ಉತ್ತರ: ಜಾಗ ಗಟ್ಟಿ ಇರಬಹುದು, ದಿಕ್ಕು ತಪ್ಪು. ಪಟ್ಟಿ ನಿಮ್ಮ ಹೆಗಲಿನಿಂದ ಹೆಚ್ಚುಕಡಿಮೆ ನೇರವಾಗಿ ಹಿಂದಕ್ಕೆ ಹೋಗಬೇಕು. ನೆಲಕ್ಕೆ ಇಳಿದರೆ ಏನಾಗುತ್ತದೆ? ನೀವು ಮುಂದೆ ನುಗ್ಗಿದಷ್ಟೂ ಪಟ್ಟಿ ನಿಮ್ಮ ಹೆಗಲನ್ನು ಕೆಳಕ್ಕೆ ಎಳೆಯುತ್ತದೆ. ಮೂಟೆಯ ಬಾಯಿಗೆ ಹಗ್ಗ ಹಾಕಿ ಕೆಳಗೆ ಜಗ್ಗಿದಂತೆ ಇಡೀ ಬೆನ್ನುಮೂಳೆ ಕುಗ್ಗುತ್ತದೆ. ಮುಂದಕ್ಕೆ ಹೋಗುವುದನ್ನು ಅದು ತಡೆಯುವುದೂ ಕಡಿಮೆ. ಅಂತರರಾಷ್ಟ್ರೀಯ ಕಾರ್ ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಹೆಗಲ ಪಟ್ಟಿ 45 ಡಿಗ್ರಿಗಿಂತ ಜಾಸ್ತಿ ಇಳಿಯುವಂತಿಲ್ಲ, 10 ಡಿಗ್ರಿ ದಾಟದಿದ್ದರೆ ಒಳ್ಳೆಯದು ಅಂತಲೂ ಹೇಳಿದೆ. ಹಿಂದಿನ ಸೀಟಿನ ಬೆಲ್ಟ್ ಬೋಲ್ಟುಗಳಿಗೆ ಕಟ್ಟುವುದೂ ಇಷ್ಟೇ, ಕೋನ ನೋಡದೆ ಕಟ್ಟಬೇಡಿ. ಪಟ್ಟಿ ಉದ್ದವಾದಷ್ಟೂ ಡಿಕ್ಕಿಯಲ್ಲಿ ಹಿಗ್ಗುವುದೂ ಜಾಸ್ತಿ ಅನ್ನುವುದು ನೆನಪಿರಲಿ.

ಅದಕ್ಕೇ ಸೀಟಿನ ಹಿಂದೆ, ಹೆಗಲಿನ ಎತ್ತರದಲ್ಲಿ, ಅಡ್ಡಕ್ಕೊಂದು ಬಾರ್ ಬೇಕು. ಅದು ರೋಲ್ ಬಾರಿನ, ಅಂದರೆ ಪಲ್ಟಿಯಾದಾಗ ತಲೆ ಕಾಯುವ ಉಕ್ಕಿನ ಕಮಾನಿನ, ಭಾಗವೇ ಆಗಿದ್ದರೆ ತುಂಬಾ ಒಳ್ಳೆಯದು. ಬರೀ ಹಾರ್ನೆಸ್ ಬಾರ್ ಅಂತ ಕಾರಿನ ಎರಡು ಬದಿಯ ಕಂಬಗಳ ನಡುವೆ ಸಿಕ್ಕಿಸುವ ಪೈಪುಗಳೂ ಸಿಗುತ್ತವೆ. ಅವು ಪಟ್ಟಿಗೆ ಕೋನ ಕೊಡುತ್ತವೆ, ಚಾವಣಿಗೆ ಬಲ ಕೊಡುವುದಿಲ್ಲ.

ಸೀಟನ್ನೂ ನೋಡಿ. ಹೆಗಲ ಪಟ್ಟಿ ತೂರಿಸೋಕೆ ಸೀಟಿನ ಬೆನ್ನಿನಲ್ಲಿ ತೂತು ಇರಬೇಕು, ಆ ತೂತು ನಿಮ್ಮ ಹೆಗಲಿಗಿಂತ ತುಂಬಾ ಕೆಳಗೂ ಇರಬಾರದು. ತೂತಿಲ್ಲದ ಸೀಟಿನಲ್ಲಿ ಪಟ್ಟಿಗಳು ಹೆಡ್‌ರೆಸ್ಟಿನ ಎರಡೂ ಬದಿಯಿಂದ ಬಂದು ಹೆಗಲಿನಿಂದ ಜಾರುತ್ತಾ ಇರುತ್ತವೆ. ಸೊಂಟದ ಮತ್ತು ಕಾಲ್ನಡುವಿನ ಪಟ್ಟಿಗಳಿಗೆ ನೆಲದ ತಗಡಿಗೆ ಸುಮ್ನೆ ತೂತು ಕೊರೆದು ವಾಷರ್ ಹಾಕಿದರೆ ತಗಡು ಹರಿದುಕೊಂಡು ಬರುತ್ತದೆ. ಹೊಸ ಜಾಗಕ್ಕೆ ಬೋಲ್ಟ್ ಹಾಕುವಾಗ ಅಡಿಯಲ್ಲಿ ಕನಿಷ್ಠ 40 ಚದರ ಸೆಂ.ಮೀ. ವಿಸ್ತೀರ್ಣದ, 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಇರಬೇಕು ಅನ್ನುವುದು ಎಫ್‌ಐಎ ಅಳತೆ. ನಿಮ್ಮ ಮೆಕ್ಯಾನಿಕ್‌ಗೆ ಇದನ್ನು ತೋರಿಸಿ. ಅಷ್ಟೆಲ್ಲ ಯಾಕೆ ಸಾರ್ ಅಂದರೆ ಬೇರೆ ಮೆಕ್ಯಾನಿಕ್‌ನನ್ನು ಹುಡುಕಿ.

ಪ್ರಶ್ನೆ: ಹಾರ್ನೆಸ್ ಹಾಕಿದರೆ ಕುತ್ತಿಗೆಗೆ ಅಪಾಯ ಅಂತಾರೆ, ನಿಜವಾ? ಹಾಗಾದರೆ ರಸ್ತೆಯಲ್ಲೂ ಹೆಲ್ಮೆಟ್ ಹಾಕಿಕೊಂಡರೆ ಸರಿಹೋಗುತ್ತಾ?

ಉತ್ತರ: ನಿಜ. ತಲೆಯ ತೂಕ ನಾಲ್ಕೈದು ಕಿಲೋ. ಎದೆ ಪೂರ್ತಿ ನಿಂತುಬಿಟ್ಟು ತಲೆ ಮುಂದೆ ಹೋಗುತ್ತಲೇ ಇದ್ದರೆ ಆ ಎಳೆತವನ್ನೆಲ್ಲ ಕುತ್ತಿಗೆಯೇ ತಡೆಯಬೇಕು. ಎಳೆತ ಮಿತಿ ಮೀರಿದರೆ ತಲೆಬುರುಡೆಯ ಬುಡವೇ ಬಿರುಕು ಬಿಡುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾ 500 ರೇಸಿನ ಕೊನೆಯ ಲ್ಯಾಪ್‌ನಲ್ಲಿ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ಇದೇ ಬಗೆಯ ಪೆಟ್ಟಿನಿಂದ. ನೋಡಿದವರಿಗೆ ಅಂಥಾ ಭಾರಿ ಅಪಘಾತ ಅಂತ ಅನ್ನಿಸಿರಲೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ತಲೆ ಮತ್ತು ಕುತ್ತಿಗೆ ಹಿಡಿಯುವ ಸಾಧನವನ್ನು ಕಡ್ಡಾಯ ಮಾಡಿತು. ಫಾರ್ಮುಲಾ 1ರಲ್ಲಿ ಅದು 2003ರಿಂದ ಕಡ್ಡಾಯ.

ಈ ಹ್ಯಾನ್ಸ್ ಅನ್ನುವ ಸಾಧನ ಅದಕ್ಕೂ ಎಷ್ಟೋ ಮುಂಚಿನದು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್ ಮತ್ತು ಅವರ ಭಾವನೆಂಟ, ರೇಸರ್ ಜಿಮ್ ಡೌನಿಂಗ್ 1980ರ ದಶಕದಲ್ಲೇ ಇದನ್ನು ಮಾಡಿದ್ದರು. ಹೆಗಲ ಮೇಲೆ ಕೂರುವ ಒಂದು ಗಟ್ಟಿ ಕಾಲರ್, ಅದನ್ನು ಹೆಗಲ ಪಟ್ಟಿಗಳು ಒತ್ತಿ ಹಿಡಿಯುತ್ತವೆ, ಅದರಿಂದ ಹೊರಟ ಪುಟ್ಟ ಪಟ್ಟಿಗಳು ಹೆಲ್ಮೆಟ್‌ನ ಎರಡೂ ಬದಿಗೆ ಸಿಕ್ಕಿಕೊಳ್ಳುತ್ತವೆ. ಎದೆ ನಿಂತಾಗ ತಲೆಯೂ ನಿಲ್ಲುತ್ತದೆ.

ಇಲ್ಲೇ ಇರುವುದು ತೊಡಕು. ಹ್ಯಾನ್ಸ್ ಸಿಕ್ಕಿಸೋಕೆ ಹೆಲ್ಮೆಟ್ ಬೇಕೇಬೇಕು. ಬರೀ ಹೆಲ್ಮೆಟ್ ಹಾಕಿ ಹ್ಯಾನ್ಸ್ ಬಿಟ್ಟರೆ ಕುತ್ತಿಗೆ ಹೊರಬೇಕಾದ ತೂಕ ಇನ್ನೂ ಒಂದೂವರೆ ಕಿಲೋ ಜಾಸ್ತಿಯಾಯಿತು. ಎರಡನ್ನೂ ಹಾಕಿಕೊಂಡು ರಸ್ತೆಗಿಳಿದಿರಿ ಅಂತಿಟ್ಟುಕೊಳ್ಳಿ. ಒಂದು ಕೂಡುರಸ್ತೆ ಬಂತು. ಎಡಗಡೆಯಿಂದ ಗಾಡಿ ಬರುತ್ತಿದೆಯಾ ನೋಡಬೇಕು. ಕತ್ತು ಅರ್ಧ ತಿರುಗಿ ನಿಲ್ಲುತ್ತದೆ. ಸ್ವಲ್ಪ ಮುಂದೆ ಬಾಗಿ ಮುಂದಿನ ಗಾಜಿನ ಪಕ್ಕದ ಕಂಬದ ಆಚೆ ಇಣುಕೋಣ ಅಂದರೆ ಹೆಗಲು ಸೀಟಿಗೆ ಕಟ್ಟಿದೆ. ಹೆಲ್ಮೆಟ್‌ನ ಅಂಚು ಬೇರೆ ಅಡ್ಡ. ಹಾರನ್ ಕೇಳಿಸುತ್ತದೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಟ್ರ್ಯಾಕ್‌ನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಅಲ್ಲಿ ಇದು ನಡೆಯುತ್ತದೆ.

ಹಾಗಾಗಿ ಜನ ಏನು ಮಾಡುತ್ತಾರೆ ಗೊತ್ತಾ? ರಸ್ತೆಯಲ್ಲಿ ಹೆಗಲ ಪಟ್ಟಿಯನ್ನು ಸಡಿಲ ಬಿಡುತ್ತಾರೆ. ಕೈ ಆಡಬೇಕು, ಸ್ವಲ್ಪ ಬಾಗಬೇಕು ಅಂತ. ಸಡಿಲ ಹಾರ್ನೆಸ್ ಅಂದರೆ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ಬಿಗಿ ಮಾಡಿಕೊಡುವ ಮದ್ದಿಲ್ಲ, ಲಾಕ್ ಆಗುವ ಸುರುಳಿಯಿಲ್ಲ. ಮೈ ಮೊದಲು ಹಾರಿ, ಆಮೇಲೆ ಪಟ್ಟಿಗೆ ಬಡಿಯುತ್ತದೆ.

ಪ್ರಶ್ನೆ: ನನ್ನದು ಓಪನ್ ಟಾಪ್ ಕಾರ್, ರೋಲ್ ಬಾರ್ ಇಲ್ಲ. ಹಾರ್ನೆಸ್ ಇದ್ದರೆ ಪಲ್ಟಿಯಾದಾಗ ಹೊರಗೆ ಬೀಳಲ್ಲ ಅನ್ನೋದು ನನ್ನ ಲೆಕ್ಕ.

ಉತ್ತರ: ಬೀಳಲ್ಲ, ನಿಜ. ಆದರೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಎತ್ತರದ, ಅಲುಗಾಡೋಕೂ ಆಗದ ವಸ್ತು ನಿಮ್ಮ ತಲೆಯೇ ಆಗಿರುತ್ತದೆ. ಚಾವಣಿ ಇರುವ ಕಾರಿನಲ್ಲೂ ಇದೇ ಪ್ರಶ್ನೆ ಇದೆ. ಚಾವಣಿ ಒಳಕ್ಕೆ ಕುಸಿದರೆ ಮೂರು ಪಾಯಿಂಟ್ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲೋಕೆ ಸ್ವಲ್ಪವಾದರೂ ಅವಕಾಶ ಉಂಟು, ಹಾರ್ನೆಸ್‌ನಲ್ಲಿ ನೆಟ್ಟಗೆ ಕೂತೇ ಇರುತ್ತೀರಿ. ಇದು ಎಲ್ಲ ಪಲ್ಟಿಗಳಲ್ಲೂ ನಿರ್ಣಾಯಕ ಅಂತ ನಾನು ಹೇಳುತ್ತಿಲ್ಲ, ಅದರ ಬಗ್ಗೆ ವಾದ ಮಾಡುವವರು ಬೇಕಾದಷ್ಟಿದ್ದಾರೆ. ಓಪನ್ ಕಾರಿನಲ್ಲಿ ಮಾತ್ರ ವಾದವೇ ಇಲ್ಲ. ಮೊದಲು ರೋಲ್ ಬಾರ್, ಆಮೇಲೆ ಹಾರ್ನೆಸ್ ಮಾತು. ಬಾರ್ ಹಾಕಿಸಿದ ಮೇಲೆ ಅದರ ನೆತ್ತಿಯಿಂದ ಮುಂದಿನ ಗಾಜಿನ ಮೇಲಂಚಿಗೆ ಒಂದು ಉದ್ದ ಕೋಲಿಟ್ಟು ನೋಡಿ. ಹೆಲ್ಮೆಟ್ ಹಾಕಿ ಕೂತಾಗ ನಿಮ್ಮ ತಲೆ ಆ ಕೋಲಿಗಿಂತ ಕೆಳಗೇ ಇರಬೇಕು.

ಇನ್ನೊಂದು, ಪೂರ್ತಿ ಕೇಜ್ ಹಾಕಿಸಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವುದು ನನಗೆ ಇಷ್ಟವಿಲ್ಲ. ತಲೆಯ ಪಕ್ಕದಲ್ಲೇ ಉಕ್ಕಿನ ಪೈಪು. ಮೇಲೆ ಫೋಮ್ ಸುತ್ತಿದ್ದರೂ ಅದು ಹೆಲ್ಮೆಟ್ ಹಾಕಿದ ತಲೆಗೆ ಅಂತಲೇ ಮಾಡಿದ್ದು.

ಪ್ರಶ್ನೆ: ಪೋರ್ಷೆಯವರೇ ರಸ್ತೆ ಕಾರಿಗೆ ಹಾರ್ನೆಸ್ ಕೊಡ್ತಾರಲ್ಲ, ಅವರಿಗೆ ಗೊತ್ತಿಲ್ವಾ?

ಉತ್ತರ: ಗೊತ್ತಿದ್ದೇ ಕೊಡುತ್ತಾರೆ. 911 ಜಿಟಿ3ಯ ಕ್ಲಬ್‌ಸ್ಪೋರ್ಟ್ ಪ್ಯಾಕೇಜ್‌ನಲ್ಲಿ ಸೀಟುಗಳ ಹಿಂದೆ ಬಾಡಿಗೆ ಬೋಲ್ಟ್ ಮಾಡಿದ ರೋಲ್ ಕೇಜ್, ಚಾಲಕನಿಗೆ ಆರು ಪಾಯಿಂಟ್ ಹಾರ್ನೆಸ್, ಬೆಂಕಿ ಆರಿಸುವ ಸಿಲಿಂಡರ್ ಬರುತ್ತವೆ. ಗಮನಿಸಿ, ಮೂರು ಪಾಯಿಂಟ್ ಬೆಲ್ಟನ್ನು ಅವರು ತೆಗೆದಿಲ್ಲ. ರಸ್ತೆಗೆ ಅದು, ಟ್ರ್ಯಾಕ್‌ಗೆ ಇದು. ನೀವೂ ಹಾಗೇ ಮಾಡಿ, ನನ್ನ ತಕರಾರಿಲ್ಲ.

ಪ್ರಶ್ನೆ: ಬಕೆಟ್ ಸೀಟ್ (ಬದಿ ಎತ್ತರದ ರೇಸ್ ಸೀಟು) ಹಾಕಿಸಿದ ಮೇಲೆ ಏರ್‌ಬ್ಯಾಗ್ ಲ್ಯಾಂಪ್ ಆರುತ್ತಿಲ್ಲ. ಅಂಗಡಿಯವರು ಒಂದು ರೆಸಿಸ್ಟರ್ ಸಿಕ್ಕಿಸಿದರೆ ಸಾಕು ಅಂದರು.

ಉತ್ತರ: ಲ್ಯಾಂಪ್ ಆರುತ್ತದೆ. ಹಳೆಯ ಸೀಟಿನಲ್ಲಿದ್ದ ಸೈಡ್ ಏರ್‌ಬ್ಯಾಗ್ ವಾಪಸ್ ಬರುತ್ತಾ? ಅದರ ಜಾಗದಲ್ಲಿ ಏನೋ ಇದೆ ಅಂತ ಕಂಪ್ಯೂಟರನ್ನು ನಂಬಿಸುವುದಷ್ಟೇ ರೆಸಿಸ್ಟರ್ ಕೆಲಸ. ಇದಕ್ಕಿಂತ ನನಗೆ ಚಿಂತೆ ಇನ್ನೊಂದು. ತುಂಬಾ ಕಾರುಗಳಲ್ಲಿ ಮೂರು ಪಾಯಿಂಟ್ ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿರುತ್ತಾರೆ, ಕೆಲವದರಲ್ಲಿ ಪ್ರಿಟೆನ್ಷನರೂ ಅಲ್ಲೇ ಇರುತ್ತದೆ. ಸೀಟು ಬಿಚ್ಚಿದಾಗ ಅದೂ ಹೋಯಿತು. ಹೊಸ ಸೀಟಿನ ರೈಲಿಗೆ ಆ ಬಕಲ್ ಸರಿಯಾದ ಬ್ರಾಕೆಟ್‌ನಲ್ಲಿ ಮತ್ತೆ ಕೂತಿದೆಯಾ, ಅದರ ವೈರ್ ಸೇರಿದೆಯಾ, ಬೆಲ್ಟ್ ಹಾಕಿದಾಗ ಸೊಂಟದ ಭಾಗ ಬಕೆಟ್‌ನ ಎತ್ತರದ ಅಂಚಿನ ಮೇಲೆ ಸೇತುವೆಯಂತೆ ನಿಲ್ಲದೆ ತೂತಿನೊಳಗಿಂದ ಬಂದು ಮೂಳೆಯ ಮೇಲೆ ಕೂರುತ್ತಿದೆಯಾ, ಇವತ್ತೇ ನೋಡಿ. ಲ್ಯಾಂಪ್ ವಿಷಯ ಆಮೇಲೆ.

ಪ್ರಶ್ನೆ: ಕಾನೂನು ಏನು ಹೇಳುತ್ತದೆ?

ಉತ್ತರ: ದೇಶದಿಂದ ದೇಶಕ್ಕೆ ಬೇರೆ. ಸ್ಥೂಲವಾಗಿ ಹೇಳುವುದಾದರೆ ರಸ್ತೆಯ ಬೆಲ್ಟಿಗೂ ರೇಸಿನ ಹಾರ್ನೆಸ್‌ಗೂ ಮಾನದಂಡವೇ ಬೇರೆ. ಯುರೋಪಿನ ಮಾದರಿ ನಡೆಯುವ ಕಡೆ ರಸ್ತೆ ಬೆಲ್ಟಿಗೆ ಇಸಿಇ ಆರ್16 ಅನುಮೋದನೆ, ಅಂದರೆ ವೃತ್ತದೊಳಗಿನ ಇ ಗುರುತು ಬೇಕು. ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 209. ಎಫ್‌ಐಎ 8853 ಅಥವಾ (ಅಮೆರಿಕದ ರೇಸ್ ಸುರಕ್ಷತಾ ಮಾನದಂಡವಾದ) ಎಸ್‌ಎಫ್‌ಐ 16.1 ಅಂತ ಲೇಬಲ್ ಇದ್ದರೆ ಅದು ರೇಸಿಗೆ ಸರಿ, ರಸ್ತೆಗೆ ಅದೇ ಪರವಾನಗಿ ಅಂತ ಅಲ್ಲ. ಕಂಪನಿ ಬೆಲ್ಟ್ ತೆಗೆದ ಕಾರಿಗೆ ಇನ್ಶೂರೆನ್ಸ್ ಕಂಪನಿ ಏನನ್ನುತ್ತದೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಅಪಘಾತವಾದ ಮೇಲೆ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಬೇಡ. ಟ್ರ್ಯಾಕ್‌ನಲ್ಲಿ ತಿರುವುಗಳಲ್ಲಿ ಸೀಟಿನಿಂದ ಜಾರುತ್ತೇನೆ, ಮೊಣಕಾಲು ಬಾಗಿಲಿಗೆ ಒತ್ತಿ ಹಿಡಿದು ನೋವು ಬರುತ್ತದೆ. ಅಷ್ಟೇ ನನ್ನ ಸಮಸ್ಯೆ.

ಉತ್ತರ: ನಿಜ ಹೇಳಬೇಕೆಂದರೆ ಹಾರ್ನೆಸ್ ಕೇಳುವ ಹತ್ತು ಜನರಲ್ಲಿ ಎಂಟು ಜನರ ಸಮಸ್ಯೆ ಇದೇ ಅನ್ನುವುದು ನನ್ನ ಅನಿಸಿಕೆ. ಅವರಿಗೆ ಬೇಕಿರುವುದು ಅಪಘಾತದ ರಕ್ಷಣೆಯಲ್ಲ, ಅಲುಗಾಡದೆ ಕೂರುವುದು. ಸ್ಟೀರಿಂಗನ್ನು ಹಿಡಿದು ನೇತಾಡುವ ಬದಲು ತಿರುಗಿಸೋಕೆ ಬಳಸುವುದು.

ಅದಕ್ಕೊಂದು ಉಪಾಯ ಇದೆ. ಸೀಟನ್ನು ಎರಡು ಮೂರು ಹಲ್ಲು ಹಿಂದಕ್ಕೆ ಸರಿಸಿ. ಬೆಲ್ಟ್ ಹಾಕಿ, ಸೊಂಟದ ಭಾಗವನ್ನು ಕೆಳಗೆ ಮೂಳೆಯ ಮೇಲೆ ಕೂರಿಸಿ. ಎದೆಯ ಹತ್ತಿರ ಬೆಲ್ಟನ್ನು ಹಿಡಿದು ಪಟ್ ಅಂತ ಜಗ್ಗಿ, ಸುರುಳಿ ಲಾಕ್ ಆಗುತ್ತದೆ. ಆ ಬಿಗಿ ಬಿಡದೆ ಸೀಟನ್ನು ಮುಂದಕ್ಕೆ ತನ್ನಿ, ಅಂದರೆ ನೀವೇ ಬೆಲ್ಟಿನೊಳಕ್ಕೆ ಒತ್ತಿಕೊಂಡಂತಾಯಿತು. ಎಲ್ಲ ಕಾರಿನಲ್ಲೂ ಲಾಕ್ ನಿಲ್ಲುವುದಿಲ್ಲ, ಒಂದೆರಡು ಸಲ ಮಾಡಿ ನೋಡಬೇಕು. ಕೈಯಿಂದ ಸರಿಸುವ ಸೀಟಿನಲ್ಲಿ ಇದು ಸಲೀಸು. ಸೊಂಟದ ಭಾಗವನ್ನು ಮಾತ್ರ ಬಿಗಿ ಹಿಡಿಯುವ ಸಿಜಿ ಲಾಕ್ ಅನ್ನುವ ಒಂದು ಕ್ಲಿಪ್ ಕೂಡ ಸಿಗುತ್ತದೆ, ಬಕಲ್‌ನ ನಾಲಿಗೆಗೆ ಕೂರುತ್ತದೆ. ಎದೆಯ ಮೇಲಿನ ಬೆಲ್ಟ್ ಎಂದಿನಂತೆ ಆಡುತ್ತಾ ಇರುತ್ತದೆ.

ಇದೂ ಸಾಲದಿದ್ದರೆ ಬದಿ ಎತ್ತರ ಇರುವ ಒಳ್ಳೆಯ ಸೀಟು ಹಾಕಿಸಿ, ಮೂರು ಪಾಯಿಂಟ್ ಬೆಲ್ಟನ್ನೇ ಇಟ್ಟುಕೊಳ್ಳಿ. ಹಿಡಿತದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಟಿನದೇ.

ಪ್ರಶ್ನೆ: ನನಗೆ ಮಾತ್ರ ಹಾರ್ನೆಸ್ ಹಾಕಿಸಿ ಪಕ್ಕದ ಸೀಟಿಗೆ ಬೆಲ್ಟ್ ಬಿಟ್ಟರೆ?

ಉತ್ತರ: ರಸ್ತೆಯಲ್ಲಿ ನೀವೂ ಬೆಲ್ಟ್ ಹಾಕುತ್ತೀರಿ ಅಂದರೆ ತೊಂದರೆಯಿಲ್ಲ. ಟ್ರ್ಯಾಕ್‌ನಲ್ಲಿ ಕೋಚ್ ಕೂರಿಸಿಕೊಳ್ಳುವುದಾದರೆ ಕೇಳಿಕೊಳ್ಳಿ, ಎರಡೂ ಸೀಟಿಗೆ ಒಂದೇ ಥರದ ರಕ್ಷಣೆ ಇರಬೇಕು ಅನ್ನುವ ಸಂಘಟಕರು ಬಹಳ ಜನ. ನ್ಯಾಯವೂ ಹೌದು.

ಪ್ರಶ್ನೆ: ಗೆಳೆಯನ ಹತ್ತಿರ ಹಳೆಯ ಆರು ಪಾಯಿಂಟ್ ಹಾರ್ನೆಸ್ ಇದೆ, ಟ್ರ್ಯಾಕ್‌ಗೆ ಮಾತ್ರ ಬಳಸುತ್ತೇನೆ. ನೋಡೋಕೆ ಹೊಸದರ ಹಾಗೇ ಇದೆ. ತಗೊಳ್ಳಲಾ?

ಉತ್ತರ: ಮೊದಲು ಲೇಬಲ್ ಓದಿ. ಎಫ್‌ಐಎ ಹಾರ್ನೆಸ್ ಆದರೆ ಇಂಥ ವರ್ಷದ ನಂತರ ನಡೆಯಲ್ಲ ಅಂತ ಬರೆದಿರುತ್ತದೆ, ತಯಾರಾದ ವರ್ಷ ಬಿಟ್ಟು ಐದು ವರ್ಷ. ಎಸ್‌ಎಫ್‌ಐ ಆದರೆ ತಯಾರಾದ ದಿನದಿಂದ ಎರಡೇ ವರ್ಷ. ಇದು ವ್ಯಾಪಾರದ ಗಿಮಿಕ್ ಅಂತ ಗೊಣಗುವವರಿದ್ದಾರೆ, ಆದರೆ ಬಿಸಿಲು ಪಟ್ಟಿಯ ನೂಲನ್ನು ತಿನ್ನುತ್ತದೆ ಅನ್ನುವುದಂತೂ ಸುಳ್ಳಲ್ಲ, ಅದೂ ಗಾಜಿನ ಹಿಂದೆ ವರ್ಷಗಟ್ಟಲೆ ಬಿದ್ದಿದ್ದ ಕಾರಿನಲ್ಲಿ. ಪಟ್ಟಿಯನ್ನು ಮಡಚಿ ಅಂಚು ನೋಡಿ. ನೂಲು ಎದ್ದಿದೆಯಾ, ಬಣ್ಣ ಒಂದು ಬದಿ ಮಾತ್ರ ಮಾಸಿದೆಯಾ, ಹೊಂದಿಸುವ ಕೊಂಡಿಯ ಹತ್ತಿರ ಬಟ್ಟೆ ಗಟ್ಟಿಯಾಗಿ ಹೊಳೆಯುತ್ತಿದೆಯಾ, ಹೊಲಿಗೆ ಎಲ್ಲಾದರೂ ಬಿಟ್ಟಿದೆಯಾ? ಒಂದು ಹೌದು ಬಂದರೂ ಬೇಡ ಅನ್ನಿ.

ಆಮೇಲೆ ಗೆಳೆಯನನ್ನು ನೇರವಾಗಿ ಕೇಳಿ, ಇದು ಯಾವತ್ತಾದರೂ ಅಪಘಾತ ಕಂಡಿದೆಯಾ ಅಂತ. ಒಂದು ಸಲ ಜೋರಾಗಿ ಹಿಗ್ಗಿದ ಪಟ್ಟಿ ಮುಂದಿನ ಸಲ ಅದೇ ರೀತಿ ಹಿಡಿಯುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಅವನು ಯೋಚನೆ ಮಾಡಿ ಉತ್ತರ ಹೇಳುತ್ತಿದ್ದರೆ ತಗೊಳ್ಳಬೇಡಿ. ಅವನಿಗೂ ಇನ್ನೊಬ್ಬರಿಗೆ ಮಾರಬೇಡ ಅನ್ನಿ. ಪಟ್ಟಿಗಳನ್ನು ನಡುವೆ ಕತ್ತರಿಸಿ ಕಸಕ್ಕೆ ಹಾಕಲಿ, ಆರಿಸಿಕೊಂಡು ಹೋದವರು ಮತ್ತೆ ಯಾವುದಾದರೂ ಕಾರಿಗೆ ಕಟ್ಟದಿರಲಿ.